ಹೆಂಡತಿಯ ನೋವು ರಿಪೇರಿ ಮಾಡಿದೆ!

ಹೊಸದುರ್ಗದ ಸುತ್ತ ಯಾರ ತೋಟದ ಮೋಟಾರ್ ಕೆಟ್ಟರೂ ನನ್ನ ಅಂಗಡಿಗೇ ಬರಬೇಕು. ಸುಟ್ಟು ಕರಕಲಾದ ಮೋಟಾರಿಗೂ ವೈಂಡಿಂಗ್ ಕಟ್ಟಿ ನೀರೆತ್ತಿಸಿದ ಮಹಾಪುರುಷ ನಾನು! ಅಂಥವನ ಹೆಂಡತಿ ಮೂರು ತಿಂಗಳ ಬಸುರಿ, ಮೊಲೆ ಬಿಗಿದು ನೋವೆಂದು ಸೆರಗು ತಗುಲಿದರೂ ಮುಖ ಕಿವುಚುವುದೆಂದರೆ?

"ರಂಜಿ, ಈ ನೋವು ಇಳಿಸ್ಲಿಲ್ಲ ಅಂದ್ರೆ ನನ್ನ ಹೆಸ್ರು ದಯಾನಂದನೇ ಅಲ್ಲ!"

"ಇರ್ಲಿ ಬಿಡ್ರಿ," ಎಂದಳು ರಂಜಿತಾ.

ಪಾಪ, ನಾಚಿಕೆ ಎಂದುಕೊಂಡೆ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಮೀನಾಕ್ಷಿಯನ್ನು ಕೇಳಿದೆ. "ಬಿಗಿ ಬ್ರಾ ಬ್ಯಾಡ, ಮೆತ್ತಂದು ತಂದ್ಕೊಡ್ರಿ. ತಣ್ಣೀರ ಬಟ್ಟೆ ಇಡ್ರಿ," ಎಂದಳು. ಸೀದಾ ಅನುಸೂಯಕ್ಕನ ಬಟ್ಟೆ ಅಂಗಡಿಗೆ ನುಗ್ಗಿದೆ.

"ಸೈಜ್ ಎಷ್ಟಪ್ಪ?" ಎಂದಳು ಅನುಸೂಯಕ್ಕ.

ಮೋಟಾರಾಗಿದ್ದರೆ ಥಟ್ಟನೆ ಹೆಚ್‌ಪಿ ಹೇಳುತ್ತಿದ್ದೆ! "ದೊಡ್ಡದೇ ಕೊಡಕ್ಕ. ಬೆಳೆಯೋ ವಸ್ತು!" ಎಂದೆ. ಅಲ್ಲಿದ್ದ ಹೆಂಗಸರೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ರಂಜಿತಾ ಅದನ್ನು ಬಿಡಿಸಿ ಹಿಡಿದು ನೋಡಿದಳು. "ಇದ್ರಾಗೆ ತೆಂಗಿನಕಾಯಿ ತುಂಬ್ಕಂಡು ಸಂತೆಗೆ ಹೋಗ್ಬೋದು!"

ಅಂತೂ ಅಕ್ಕಪಕ್ಕ ಹೊಲಿಗೆ ಹಾಕಿ ಹಾಕಿಕೊಂಡಳು. ನಾನೋ, ಅಂಗಡಿಯಿಂದ ಓಡೋಡಿ ಬಂದು ತಣ್ಣೀರ ಬಟ್ಟೆ ಹಿಂಡಿ ಹಿಂಡಿ ಕೊಟ್ಟೆ. ಒಂದು ಬೆಳಿಗ್ಗೆ ಅವಳು ಅಡುಗೆಮನೆಯ ಕಟ್ಟೆ ಹಿಡಿದು ಸುಮ್ಮನೆ ನಿಂತಿದ್ದಳು.

"ನೋವಿಲ್ಲ," ಎಂದಳು.

"ಒಂಚೂರೂ?"

"ಒಂಚೂರೂ ಇಲ್ಲ."

ಗೆದ್ದೆ! ತಕ್ಷಣ ಆದಿವಾಲದಲ್ಲಿದ್ದ ಅತ್ತೆ ಜಯಕ್ಕನಿಗೆ ಫೋನ್ ಹಚ್ಚಿದೆ. "ಅತ್ತೆ, ನಿಮ್ಮ ಮಗಳ ನೋವು ಪೂರ್ತಿ ತೆಗ್ದುಬಿಟ್ಟೆ!"

ಆ ಕಡೆಯಿಂದ ಅವರು, "ಅಯ್ಯೋ ನಮ್ಮಪ್ಪಾ, ಹೋದ್ಸಲದಂಗೇನಾ?" ಎಂದರು. ತಿರುಗಿ ನೋಡಿದರೆ ರಂಜಿತಾ ನೆಲದ ಮೇಲೆ ಕುಂತು ಅಳುತ್ತಿದ್ದಳು.

"ಹೋದ್ಸಲನೂ ಮೊದ್ಲು ನೋವು ಹೋತು, ಆಮೇಲೆ ಮಗು ಹೋತು. ನೋವಿದ್ರೆ ಮಗು ಐತೆ ಅಂತ ಧೈರ್ಯ ಇತ್ತು ನಂಗೆ. ಮೋಟಾರ್ ಸದ್ದೇ ನಿಂತ್ರೆ ರಿಪೇರಿ ಆತು ಅಂತೀರೇನ್ರಿ ನೀವು?"

ಆ ಮಗು ಹೋದಾಗ ನಾನೂ ಅತ್ತಿದ್ದೆ. ಆದರೆ ಅದಕ್ಕೂ ಮೊದಲು ಅವಳಿಗೆ ಏನಾಗಿತ್ತು ಎಂದು ಕೇಳಿರಲೇ ಇಲ್ಲ.

ಸ್ಕ್ಯಾನಿಂಗ್‌ಗೆಂದು ಚಿತ್ರದುರ್ಗದ ಬಸ್ಸು ಹತ್ತಿದೆವು. ಹಂಪ್ ಬಂದು ಬಸ್ಸು ಎಗರಿತು.

"ಅಯ್ಯಪ್ಪಾ!" ಎಂದಳು.

"ನೋವು ಬಂತಾ?" ಖುಷಿಯಿಂದ ಕೂಗಿಯೇ ಬಿಟ್ಟೆ!

"ನನ್ನ ಕಾಲು ತುಳ್ದಿದೀರ!"

ಬಸ್ಸಿನವರೆಲ್ಲ ನಕ್ಕರು. ನಮಗಿಬ್ಬರಿಗೆ ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತ ಪರದೆ ನೋಡುತ್ತಿದ್ದರು. ರಂಜಿತಾ ಕಣ್ಣು ಮುಚ್ಚಿ ನನ್ನ ಬೆರಳು ಹಿಂಡುತ್ತಿದ್ದಳು. ಆಗ ಕೇಳಿಸಿತು, ಡಬಡಬ, ಡಬಡಬ! ಎಷ್ಟೋ ಮೋಟಾರುಗಳಿಗೆ ಕಿವಿಗೊಟ್ಟವನು ನಾನು, ಅಂಥ ಓಟ ಎಲ್ಲೂ ಕೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

"ಮಗು ಚೆನ್ನಾಗಿದೆ. ಈ ಹೊತ್ತಿಗೆ ಕೆಲವರಿಗೆ ನೋವು ತಾನಾಗೇ ಕಡಿಮೆ ಆಗುತ್ತೆ," ಎಂದರು ಡಾಕ್ಟರಮ್ಮ.

"ಅಂದ್ರೆ ನನ್ನ ತಣ್ಣೀರ ಬಟ್ಟೆ...?"

"ಅದೂ ಒಳ್ಳೇದೇ ಬಿಡಿ," ಎಂದರು, ಅಳುವ ಮಗುವನ್ನು ಸಮಾಧಾನ ಮಾಡುವ ಹಾಗೆ.

ವಾಪಸು ಬರುವಾಗ ರಂಜಿತಾ ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದಳು. ಹೊಳಲ್ಕೆರೆ ಬರುವಷ್ಟರಲ್ಲಿ ಭುಜದಿಂದ ಬೆರಳಿನವರೆಗೂ ಜೋಮು ಹಿಡಿದು ಪ್ರಾಣ ಹೋಗುವಂತಾಯಿತು. ಮೆಲ್ಲಗೆ ಅಲುಗಿದೆ.

"ನೋಯ್ತೈತಾ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಭಾರೀ ನೋಯ್ತೈತೆ ಕಣೆ!"

"ಇರ್ಲಿ ಬಿಡ್ರಿ," ಎಂದು ಇನ್ನಷ್ಟು ಒರಗಿಕೊಂಡಳು.