ದೇವಮಿತ್ರರ ಮೊಬೈಲ್ ಉಪವಾಸ

ಈಸ್ಟರಿಗೆ ಮೊದಲಿನ ನಲವತ್ತು ದಿನ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಚಹಾ ಬಿಡುತ್ತಾರೆ. ದೇವಮಿತ್ರ ಬೆಟಗೇರಿಯವರು ಈ ಸಲ ಬೇರೆಯವರ ಕೈಯಿಂದ ಮೊಬೈಲ್ ಬಿಡಿಸುವುದೆಂದು ತೀರ್ಮಾನಿಸಿದರು!

"ಶುಕ್ರವಾರದ ಪ್ರಾರ್ಥನಾ ಕೂಟ ನಮ್ಮ ಮನ್ಯಾಗ ಅದ. ಬಾಗಿಲದಾಗ ನಾನ ನಿಂದರ್ತೀನಿ. ಒಂದ ಒಂದು ಮೊಬೈಲ್ ಒಳಗ ಬರಬಾರದು," ಎಂದು ಹೆಂಡತಿಗೆ ಸಾರಿದರು.

ಬಟಾಣಿ ಸುಲಿಯುತ್ತಿದ್ದ ಇಂದೂ ತಲೆ ಎತ್ತಲಿಲ್ಲ. "ಬಾಗಿಲದಾಗ ನಿಂದರೋದು ಬಿಟ್ಟು ನಿಮಗ ಬ್ಯಾರೆ ಏನು ಬರತದರಿ?"

ಮಾತಿನಲ್ಲಿ ಸತ್ಯವಿತ್ತು. ಮರಾಠಿ ಸೀಮೆಯ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದೇವಮಿತ್ರರು ಮೂವತ್ತೊಂದು ವರ್ಷ ಸುರಕ್ಷತಾ ಮೇಲ್ವಿಚಾರಕರಾಗಿದ್ದರು. ಗೇಟಿನಲ್ಲಿ ಬೀಡಿ, ಬೆಂಕಿಪೆಟ್ಟಿಗೆ, ಕಾಲ ಬದಲಾದ ಮೇಲೆ ಮೊಬೈಲು, ಎಲ್ಲವನ್ನೂ ಇಸಿದುಕೊಂಡು ನಂಬರಿನ ಟೋಕನ್ ಕೊಡುವ ಪದ್ಧತಿ ಅವರದೇ. ದೊಡ್ಡ ಸಾಹೇಬರ ಕಿಸೆಯಿಂದಲೇ ಲೈಟರ್ ತೆಗೆಸಿದ ಕಥೆಯನ್ನು ಯೆರವಡಾದ ಕನ್ನಡ ಕ್ರೈಸ್ತ ಸಭೆಯಲ್ಲಿ ಕೇಳದವರಿಲ್ಲ. ಎರಡು ಸಲ ಕೇಳದವರೂ ಇಲ್ಲ.

"ತಂತ್ರಜ್ಞಾನ ನಮ್ಮ ಆಳಾಗಿರಬೇಕು, ಅರಸ ಆಗಬಾರದು! ಹ್ವಾದ ವಾರ ಪ್ರಾರ್ಥನಾ ನಡದಾಗ ಯಾರದೋ ಮೊಬೈಲಿನ್ಯಾಗ ಮಂಚೂರಿ ಮಾಡೂದು ಹ್ಯಾಂಗಂತ ಸುರು ಆತು. 'ಹನ್ನೊಂದು ಮಂದಿಗೆ ಕಳಸ್ರಿ, ಸಂಜಿಯೊಳಗ ಆಶೀರ್ವಾದ ಬರತದ' ಅಂತ ಒಬ್ಬರು ನನಗ ನಾಕು ಸಲ ಕಳಿಸ್ಯಾರ. ದೇವರೇನು ಕೊರಿಯರ್ ಆಫೀಸ್ ಇಟ್ಟಾನೇನು?"

"ಆ ನಾಕೂ ಸಲ ನೀವು ಪೂರಾ ಓದೀರಲ್ಲರಿ," ಎಂದರು ಇಂದೂ.

ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ ದೇವಮಿತ್ರರು ಟೋಕನ್ ಮಾಡಿದರು. ಒಂದರಿಂದ ಹದಿಮೂರು. ತಮಗೆ ಮಾತ್ರ ಮಾಡಿಕೊಳ್ಳಲಿಲ್ಲ. ಮೇಲ್ವಿಚಾರಕನಿಗೆ ಯಾವ ಗೇಟಿನಲ್ಲೂ ಟೋಕನ್ ಇರುವುದಿಲ್ಲವಷ್ಟೆ!

ಟೋಕನ್ ಇಲ್ಲದಿರುವುದಕ್ಕೆ ಇನ್ನೊಂದು ಕಾರಣವಿತ್ತು. ಅದು ಇಂದೂಗೂ ಗೊತ್ತಿರಲಿಲ್ಲ. ಅದರ ಹೆಸರು ಎಲೀಯಪ್ಪ.

ಕುರಕುಂಭಕ್ಕೆ ಹೋಗುವ ಕಂಪನಿ ಬಸ್ಸು ಬೆಳಿಗ್ಗೆ ಆರೂ ಹತ್ತಕ್ಕೆ ಬರುತ್ತಿತ್ತು. ಎಡಗಡೆ ಮೂರನೇ ಸೀಟು. ಕಿಟಕಿಯ ಕಡೆ ಬಾಯ್ಲರ್ ವಿಭಾಗದ ಎಲೀಯಪ್ಪ, ಪಕ್ಕದಲ್ಲಿ ದೇವಮಿತ್ರ. ಇಬ್ಬರೂ ಗದಗಿನ ಕಡೆಯವರು, ಒಂದೇ ಮಿಶನ್ ಶಾಲೆಯ ಬೆಂಚಿನಲ್ಲಿ ಕೂತವರು. ಬಸ್ಸು ಊರು ದಾಟಿತೆಂದರೆ ಎಲೀಯಪ್ಪ ಹಾಡಲು ಶುರು ಮಾಡುತ್ತಿದ್ದ. ಕಂಠ ಒಡಕು. ಆದರೆ ಧಾಟಿ ಎಂದೂ ತಪ್ಪಿದ್ದಿಲ್ಲ. ಅವನು ಎತ್ತಿಕೊಟ್ಟರೆ ದೇವಮಿತ್ರರು ಹಿಂದಿನಿಂದ ಸೇರಿಕೊಳ್ಳುವುದು, ಮೂವತ್ತು ವರ್ಷ ಇದೇ ನಡೆಯಿತು. ಮರಾಠಿ ಡ್ರೈವರ್ ಗೇರು ಬದಲಿಸುತ್ತ, "ಕಾಕಾ, ಪರತ್ ಏಕದಾ ಮ್ಹಣಾ," ಎಂದು ಅದೇ ಕೀರ್ತನೆಯನ್ನು ಮತ್ತೊಮ್ಮೆ ಹಾಡಿಸುತ್ತಿದ್ದ.

ನಿವೃತ್ತಿಯಾಯಿತು, ಬಸ್ಸು ನಿಂತಿತು. ಮರುದಿನ ಆರೂ ಹತ್ತಕ್ಕೆ ದೇವಮಿತ್ರರ ಮೊಬೈಲು ಟಿಣ್ ಎಂದಿತು. ಎಲೀಯಪ್ಪನ ಧ್ವನಿ ಸಂದೇಶ! ಆರು ವರ್ಷ ಅದು ತಪ್ಪಲಿಲ್ಲ. ಒಂದು ಬೈಗುಳ, ಒಂದು ಕೀರ್ತನೆ, ಒಂದಿಷ್ಟು ಕೆಮ್ಮು. ಐದು ತಿಂಗಳ ಹಿಂದೆ, ಒಂದು ಮಂಗಳವಾರ, ಆರೂ ಹತ್ತಾಯಿತು, ಏಳಾಯಿತು, ಮೊಬೈಲು ಸುಮ್ಮನಿತ್ತು. ಎಂಟಕ್ಕೆ ಎಲೀಯಪ್ಪನ ಹೆಂಡತಿ ಸುವಾರ್ತಮ್ಮನ ಫೋನು ಬಂತು.

ಆಮೇಲೆ ದಿನವೂ ಆರೂ ಹತ್ತಕ್ಕೆ ದೇವಮಿತ್ರರು ಬೈಬಲ್ ಹಿಡಿದು ಬಾಲ್ಕನಿಗೆ ಹೋಗತೊಡಗಿದರು. ಬೈಬಲ್ಲಿಗೆ ಜಿಪ್ ಇರುವ ಕಪ್ಪು ಕವರು. ಕವರಿನೊಳಗೆ ಮೊಬೈಲು. ಹಳೆಯ ಸಂದೇಶಗಳಲ್ಲಿ ಒಂದನ್ನು ಹಾಕಿ ಕಿವಿಗೆ ಒತ್ತಿ ಹಿಡಿಯುವರು. "ನಮ್ಮನಿಯವರಿಗೆ ಭಕ್ತಿ ಹೆಚ್ಚಾಗೇದ," ಎಂದು ಇಂದೂ ಹೇಳಿಕೊಂಡು ತಿರುಗಿದರು. ಸುವಾರ್ತಮ್ಮನಿಗಂತೂ ದೇವಮಿತ್ರರು ಇದರ ಸುಳಿವೇ ಕೊಡಲಿಲ್ಲ. ಗಾಯ ಹಸಿ ಇರುವಾಗ ಆ ಧ್ವನಿ ಕೇಳಿಸಿದರೆ ಹೆಣ್ಣುಮಗಳು ತಡೆದುಕೊಂಡಾಳೆಯೇ? ನಿಜ ಹೇಳಬೇಕೆಂದರೆ, ಅವಳೆದುರು ತಾವು ತಡೆದುಕೊಂಡಾರೆಯೇ ಎಂಬುದೇ ಅವರ ಭಯ.

ಶುಕ್ರವಾರ ಸಂಜೆ ಆರೂವರೆ. ದೇವಮಿತ್ರರು ಇಸ್ತ್ರಿಯ ಅಂಗಿ ತೊಟ್ಟು, ರೊಟ್ಟಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತರು. ಖರಾಡಿಯಿಂದ ಟ್ರಾಫಿಕ್ ಹಾಯ್ದು ಬಂದವರ ಮೊಬೈಲೂ ಬುಟ್ಟಿಗೆ ಬಿತ್ತು, ಮೇಲಿನ ಮಹಡಿಯಿಂದ ಇಳಿದು ಬಂದವರದೂ ಬಿತ್ತು. ಇಂದೂ ತಮ್ಮದನ್ನೂ ಹಾಕಿದರು. ಐದು ತಿಂಗಳಿಂದ ಕೂಟಕ್ಕೆ ಬಾರದಿದ್ದ ಸುವಾರ್ತಮ್ಮ ಅಂದು ಬಂದಿದ್ದರು. ಐದನೇ ನಂಬರಿನ ಟೋಕನ್ ತೆಗೆದುಕೊಂಡು, "ಅಣ್ಣಾರ, ರೊಟ್ಟಿ ಕೊಡ್ತೀರೇನೋ ಅನಕೊಂಡೆ," ಎಂದರು. ದೇವಮಿತ್ರರಿಗೆ ನಗಲು ಧೈರ್ಯವಾಗಲಿಲ್ಲ.

ಕೊನೆಗೆ ಪಾಸ್ಟರ್ ವಿಕಾಸ ಬಂದರು. ಬೆಂಗಳೂರಿನ ಕಡೆಯ ಹುಡುಗ, ಮೆದು ಮಾತು.

"ಅಂಕಲ್, ನನ್ನ ಫೋನು ಕೂಡ..."

"ದೊಡ್ಡ ಸಾಹೇಬರನ್ನ ಬಿಟ್ಟಿಲ್ಲ ಪಾಸ್ಟರ್, ನಿಮ್ಮನ್ನ ಬಿಡ್ತೀನೇನು? ಹಾಕ್ರಿ!"

ಬುಟ್ಟಿಯನ್ನು ಕಬ್ಬಿಣದ ಕಪಾಟಿನಲ್ಲಿಟ್ಟು, ಬೀಗ ಜಡಿದು, ಕೀಲಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ದೇವಮಿತ್ರರು ರಾಜ್ಯ ಗೆದ್ದವರಂತೆ ಬಂದು ಕೂತರು.

"ಕೀರ್ತನೆಯಿಂದ ಶುರು ಮಾಡೋಣ," ಎಂದರು ಪಾಸ್ಟರ್. ಆದರೆ ಕೀರ್ತನೆಗಳೆಲ್ಲ ಮೊಬೈಲಿನಲ್ಲಿದ್ದವು.

"ಹಾಗಾದರೆ ಮೊದಲು ವಾಕ್ಯ ಓದೋಣ. ಬೈಬಲ್ ಯಾರು ತಂದಿದ್ದೀರಿ?" ಯಾರೂ ತಂದಿರಲಿಲ್ಲ. ಎಲ್ಲರ ಬೈಬಲ್ಲೂ ಕಪಾಟಿನೊಳಗೆ ಕೂತಿತ್ತು. ಹದಿಮೂರೂ ಜೋಡಿ ಕಣ್ಣುಗಳು ದೇವಮಿತ್ರರ ತೊಡೆಯ ಮೇಲಿನ ಕಪ್ಪು ಕವರಿನತ್ತ ತಿರುಗಿದವು.

"ಅಂಕಲ್, ನಿಮ್ಮದು ಕೊಡ್ತೀರಾ?"

ದೇವಮಿತ್ರರು ಬೈಬಲ್ಲನ್ನು ಎದೆಗೆ ಅವಚಿಕೊಂಡರು. "ಜಿಪ್ಪು... ಜಿಪ್ಪು ಸಿಕ್ಕೊಂಡದ!"

"ಸರಿ, ನಾನು ಪ್ರಸಂಗವನ್ನೇ ಮಾಡಿಬಿಡ್ತೀನಿ. ಆದರೆ," ಪಾಸ್ಟರ್ ಮೆಲ್ಲಗೆ ಕೆಮ್ಮಿದರು, "ಅದೂ ಬುಟ್ಟಿಯಲ್ಲೇ ಇದೆ."

ಕಪಾಟಿನೊಳಗೆ ಯಾರದೋ ಮೊಬೈಲು ಭರ್ರೆಂದು ನಡುಗಿತು. ಕಬ್ಬಿಣದ ಹಲಗೆ ಅದಕ್ಕೆ ತಾಳ ಹಾಕಿತು. ಇಂದೂ ಗಂಡನ ಕಡೆ ನೋಡಿದರು. "ಉಪವಾಸ ಹ್ಯಾಂಗ ನಡದದರಿ?"

ಸೋಲೊಪ್ಪುವ ಜಾಯಮಾನವೇ ಅಲ್ಲ! ದೇವಮಿತ್ರರು ಎದ್ದು ನಿಂತರು. "ಮೊಬೈಲ್ ಹುಟ್ಟೂಕಿಂತ ಮೊದಲು ನಾವು ಹಾಡಿಲ್ಲೇನು? ಹಾಡಿನ ಪುಸ್ತಕದ ಇನ್ನೂರಾ ಹದಿನಾಲ್ಕನೇ ಕೀರ್ತನೆ ಎಲ್ಲಾರಿಗೂ ಬಾಯಿಪಾಠ ಅದ. ಸುರು ಮಾಡೂಣು!"

"ಮಾಡ್ರಿ ಮತ್ತ," ಎಂದಿತು ಇಡೀ ಕೋಣೆ.

ದೇವಮಿತ್ರರು ಬಾಯಿ ತೆರೆದರು. ಧಾಟಿ ಬರಲಿಲ್ಲ. ಇನ್ನೊಮ್ಮೆ ತೆರೆದರು. ಬಂದದ್ದು ಹಾಲಿನ ಜಾಹೀರಾತಿನ ಹಾಡು. ಮೂವತ್ತು ವರ್ಷ ಹಿಂದಿನಿಂದ ಸೇರಿಕೊಂಡವನಿಗೆ ಮುಂದಿನಿಂದ ಎತ್ತಿಕೊಡುವುದು ಎಲ್ಲಿಂದ ಬರಬೇಕು? ಕಿಟಕಿಯ ಬಳಿ ಎಲೀಯಪ್ಪ ಕೂರುತ್ತಿದ್ದ ಕುರ್ಚಿ ಖಾಲಿಯಿತ್ತು. ಸುವಾರ್ತಮ್ಮ ಅದನ್ನೇ ನೋಡುತ್ತಿದ್ದರು.

"ಒಂದ ನಿಮಿಷ, ಬಂದೆ," ಎಂದ ದೇವಮಿತ್ರರು ಬೈಬಲ್ ಸಮೇತ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡರು!

"ಬಚ್ಚಲದಾಗ ಬೈಬಲ್ಲು ಯಾಕರಿ?" ಎಂದು ಇಂದೂ ಕೂಗಿದ್ದು, ದನಿ ಹೊರಗೆ ಹೋಗದಿರಲೆಂದು ಅವರು ಬಿಟ್ಟ ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಜಿಪ್ ಎಳೆದು, ಮೊಬೈಲ್ ತೆಗೆದು, ಇನ್ನೂರಾ ಹದಿನಾಲ್ಕು ಇದ್ದ ಸಂದೇಶವನ್ನು ಹುಡುಕಿ ಒತ್ತಿದರು. ಸದ್ದಿಲ್ಲ. ಧ್ವನಿ ಏರಿಸಿದರು. ಸದ್ದಿಲ್ಲ. ಪೂರ್ತಿ ಏರಿಸಿ ಕಿವಿಗೆ ಒತ್ತಿಕೊಂಡರು. ಉಹೂಂ.

ಸದ್ದು ಬರಬೇಕಾದಲ್ಲಿಗೆ ಬರುತ್ತಿತ್ತು. ರೇಡಿಯೊದಲ್ಲಾದರೂ ಯಾವುದಾದರೊಂದು ಹಾಡು ಸಿಕ್ಕೀತೆಂದು ಇಂದೂ ಅದೇ ಗಳಿಗೆಯಲ್ಲಿ ಪಡಸಾಲೆಯ ಮೂಲೆಯಲ್ಲಿದ್ದ ದುಂಡನೆಯ ಬ್ಲೂಟೂತ್ ಸ್ಪೀಕರಿನ ಗುಂಡಿ ಒತ್ತಿದ್ದರು. ಮನೆಯಲ್ಲಿ ಬೀಗದ ಹೊರಗಿದ್ದದ್ದು ಒಂದೇ ಮೊಬೈಲು. ಸ್ಪೀಕರು ತನ್ನ ಹಳೆಯ ಗುರುತಿನದನ್ನೇ ಹುಡುಕಿ ಹಿಡಿದುಕೊಂಡಿತ್ತು.

"ಏ ದೇವ್ಯಾ!" ಎಂದಿತು ಸ್ಪೀಕರು, ಗೋಡೆ ಅದುರುವ ಹಾಗೆ. "ಎದ್ದೀಯೇನಲೇ? ಇನ್ನೂರಾ ಹದಿನಾಲ್ಕರ ಧಾಟಿ ಮತ್ತ ಮರತೀನಿ ಅಂತಿ. ಮೂವತ್ತು ವರ್ಷ ನನ್ನ ಬಾಜೂಕ ಕೂತು ಬರೇ ಬಾಯಿ ಆಡಿಸೀಯೇನು? ಕೇಳು, ಕಡೀ ಸಲ ಹೇಳಿಕೊಡ್ತೀನಿ." ಆಮೇಲೆ ಒಡಕು ಕಂಠ ಹಾಡಿತು. ಮೊದಲ ಚರಣ, ಪಲ್ಲವಿ, ಕೆಮ್ಮು. "ಹಾಂ, ಮತ್ತ ಸುವಾರ್ತಾಗ ಹೇಳಬ್ಯಾಡ, ನಿನ್ನೆ ಸ್ಟಾಪಿನ್ಯಾಗ ಎರಡು ವಡಾಪಾವ್ ತಿಂದೆ."

ಬಚ್ಚಲುಮನೆಯಲ್ಲಿ ದೇವಮಿತ್ರರು ಮೊಬೈಲನ್ನು ಅಂಗೈಗೆ ಬಡಿದರು. ಕೆಟ್ಟಿತೇ? ಎಲೀಯಪ್ಪ ಹೋದನೇ, ಎರಡನೇ ಸಲ? ಅದನ್ನೇ ಮತ್ತೆ ಒತ್ತಿದರು, ಮತ್ತೂ ಒತ್ತಿದರು. ನಲ್ಲಿ ನಿಲ್ಲಿಸಿದಾಗ ಬಾಗಿಲಾಚೆಯಿಂದ ಹಾಡು ಬಂತು. ಸರಿಯಾದ ಧಾಟಿ! ಹತ್ತು ಹನ್ನೆರಡು ಕಂಠ, ಅವುಗಳ ಮುಂದೆ ಒಂದು ಒಡಕು ಕಂಠ.

ಚಿಲಕ ತೆಗೆದು ಹೊರಗೆ ಬಂದರು. ಒಂದು ಕೈಯಲ್ಲಿ ಬೈಬಲ್ಲು, ಇನ್ನೊಂದರಲ್ಲಿ ಮೊಬೈಲು. ಹಾಡು ನಿಂತಿತು. ಸ್ಪೀಕರು ಮಾತ್ರ ಮೂರನೇ ಸಲ ವಡಾಪಾವ್ ತಿಂದು ಸುಮ್ಮನಾಯಿತು.

ದೇವಮಿತ್ರರು ಸುವಾರ್ತಮ್ಮನ ಮುಖ ನೋಡಲಾರದೆ ನೆಲ ನೋಡಿದರು. "ವೈನಿ, ತಪ್ಪಾತು..."

"ಎರಡಲ್ಲ, ಮೂರು ತಿಂದಿದ್ದ," ಎಂದರು ಸುವಾರ್ತಮ್ಮ. "ಅಂಗಿ ಮ್ಯಾಲ ಚಟ್ನಿ ಇತ್ತು."

ಯಾರೋ ಫಕ್ಕನೆ ನಕ್ಕರು. ಎಲ್ಲರೂ ನಕ್ಕರು. ಸುವಾರ್ತಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಂಥಾವು ಎಷ್ಟು ಅದಾವರಿ ಅಣ್ಣಾರ?"

"ಎರಡು ಸಾವಿರದ ಮ್ಯಾಲ."

"ಎರಡು ಸಾವಿರ! ಒಂದ ಮನ್ಯಾಗ ಇದ್ದವರು, ನನಗ ಯಾಕ ಕಳಸ್ತಾನ? ನನ್ನ ಮೊಬೈಲಿನ್ಯಾಗ ಅವನ ದನಿ ಒಂದ ಅದ. 'ಹಾಲು ತರಲ್ಯಾ?' ಅಷ್ಟ. ಐದು ತಿಂಗಳಿಂದ ಅದನ್ನ ಕೇಳಕೋತ ಕುಂತೀನಿ." ದೇವಮಿತ್ರರ ಕೈಯಲ್ಲಿದ್ದ ಮೊಬೈಲು ತೋರಿಸಿ, "ಇವನ್ನ ನನಗೂ ಕಳಸ್ರಿ," ಎಂದರು.

ಫಾರ್ವರ್ಡ್ ಎಂಬ ಪಾಪದ ಮೇಲೆ ನಾಲ್ಕು ದಿನ ಉಪದೇಶ ಮಾಡಿದ ದೇವಮಿತ್ರರು ತುಂಬಿದ ಸಭೆಯ ನಡುವೆ ಕೂತು ಫಾರ್ವರ್ಡ್ ಮಾಡತೊಡಗಿದರು. ಕಪಾಟಿನೊಳಗೆ, ರೊಟ್ಟಿ ಬುಟ್ಟಿಯಲ್ಲಿ, ಐದನೇ ಟೋಕನ್ನಿನ ಮೊಬೈಲು ಟಿಣ್ ಎಂದಿತು. ಮತ್ತೆ ಟಿಣ್. ಮತ್ತೆ ಟಿಣ್, ಟಿಣ್, ಟಿಣ್.

ಸುವಾರ್ತಮ್ಮ ಟೋಕನ್ ಚಾಚಿದರು. "ಬೀಗ ತಗೀರಿ ಅಣ್ಣಾರ. ಅಂವಗ ಬಾಗಲದಾಗ ಕಾದು ಗೊತ್ತಿಲ್ಲ."

ದೇವಮಿತ್ರರು ಕೀಲಿ ತೆಗೆಯಲು ಕಿಸೆಗೆ ಕೈ ಹಾಕುವಷ್ಟರಲ್ಲಿ ಇಂದೂ ಅದನ್ನು ಅವರ ಕಿಸೆಯಿಂದ ಎತ್ತಿಕೊಂಡು ಕಪಾಟಿನ ಬೀಗ ತೆಗೆದರು. ಮದುವೆ ಪತ್ರಿಕೆಯ ಉಳಿದ ಚೂರೊಂದರ ಮೇಲೆ ಹದಿನಾಲ್ಕು ಎಂದು ಬರೆದು ಗಂಡನ ಕೈಗಿಟ್ಟರು.

"ಮುಂದಿನ ಶುಕ್ರವಾರ ಬಾಗಲದಾಗ ನಾ ನಿಂದರ್ತೀನಿ. ನಿಮ್ಮ ಬೈಬಲ್ ಸೈತ ಜಿಪ್ ತಗಸಿ ನೋಡಾಕಿ!"