ತಾಳಿದವಳ ಅಂಕ ಎದುರಾಳಿಗೆ

ಕುಸ್ತಿ ಬಹಳ ಸುಲಭವಾದ ವಿದ್ಯೆ ಎಂದು ನಾನು ಒಂದು ಬೆಳಿಗ್ಗೆ ಕಂಡುಹಿಡಿದೆ. ಇಬ್ಬರು ಹಿಡಿದುಕೊಳ್ಳುತ್ತಾರೆ, ಒಬ್ಬರು ಬೀಳುತ್ತಾರೆ. ಬಿದ್ದವರು ಸೋತರು. ಅಂದಮೇಲೆ ಸೋಲಬಾರದು ಎಂದರೆ ಬೀಳಬಾರದು. ಬೀಳಬಾರದು ಎಂದರೆ ಸಿಕ್ಕಬಾರದು. ಸಿಕ್ಕಬಾರದು ಎಂದರೆ ದೂರ ಇರಬೇಕು! ಇಷ್ಟು ಸರಳವಾದ ತತ್ತ್ವ ಇಷ್ಟು ಕಾಲ ಪೈಲ್ವಾನರ ತಲೆಗೆ ಯಾಕೆ ಹೊಳೆಯಲಿಲ್ಲವೋ ಆ ಕೃಷ್ಣನೇ ಬಲ್ಲ. ನನಗೆ ದೋಸೆ ಹೊಯ್ಯುವಾಗ ಹೊಳೆಯಿತು. ಹೊಳೆದದ್ದನ್ನು ಕಾವಲಿಯ ಹತ್ತಿರವೇ ಬಿಟ್ಟುಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾವಿರುವುದು ಮಲೇಷ್ಯಾದ ಪುಚೊಂಗ್‌ನ ಒಂದು ಕಾಂಡೋ ಫ್ಲ್ಯಾಟಿನಲ್ಲಿ. ನಮ್ಮ ಯಜಮಾನರು ಮಣಿಪಾಲದಿಂದ ಬಂದು ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಾರೆ. ನಾನು ಮನೆ, ಅಡಿಗೆ, ದೇವರ ದೀಪ ನೋಡಿಕೊಳ್ಳುತ್ತೇನೆ. ಒಬ್ಬಳೇ ಮಗಳು ಮೇಧಾ. ಅವಳ ಶಾಲೆಯಲ್ಲಿ ಎಲ್ಲವೂ ಅಮೆರಿಕದ ಪದ್ಧತಿ. ಹೈಸ್ಕೂಲು ಮಕ್ಕಳ ಕುಸ್ತಿಯೂ ಅದೇ ಪದ್ಧತಿ. ನಾನು ಭರತನಾಟ್ಯಕ್ಕೆ ಸೇರು ಎಂದೆ. ಅವಳು ಕುಸ್ತಿಗೆ ಸೇರಿದಳು. ಕಿವಿಗೆ ಓಲೆ ಹಾಕುವ ಬದಲು ಕಿವಿಯನ್ನೇ ಮುಚ್ಚುವ ಪಟ್ಟಿ ಹಾಕಿಕೊಂಡು ಬಂದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಯೋಚಿಸಿದೆ. ಮೊಬೈಲು ಹಿಡಿದುಕೊಂಡು ಮಂಚದ ಮೇಲೆ ಬಿದ್ದಿರುವುದಕ್ಕಿಂತ ಚಾಪೆಯ ಮೇಲೆ ಬೀಳುವುದು ವಾಸಿ. ಅಷ್ಟಾದರೂ ದೇವರ ದಯೆ ಇದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಶಾಲೆ ಇರುವುದು ಪುತ್ರಜಯಾದ ದಿಕ್ಕಿನಲ್ಲಿ. ಅಲ್ಲಿಯ ರಸ್ತೆಗಳು ಎಷ್ಟು ಅಗಲವೆಂದರೆ ಈಚೆಯಿಂದ ಆಚೆಗೆ ದಾಟುವಷ್ಟರಲ್ಲಿ ಒಂದು ಸ್ತೋತ್ರ ಮುಗಿಯುತ್ತದೆ. ಕಾರಿಲ್ಲದವರಿಗೆ ಅಲ್ಲಿ ಕಾಲಿದ್ದೂ ಇಲ್ಲದ ಹಾಗೆ. ನನಗೆ ಲೈಸೆನ್ಸ್ ಇದೆ. ಮನೆಯಲ್ಲಿ ಎರಡನೆಯ ಕಾರೂ ಇದೆ. ಇಲ್ಲದಿರುವುದು ಮುಹೂರ್ತ ಮಾತ್ರ. “ಮಳೆಗಾಲ ಮುಗಿಯಲಿ, ಆಮೇಲೆ ನಾನೇ ಬಿಡುತ್ತೇನೆ” ಎನ್ನುತ್ತಿದ್ದೆ. ಮಲೇಷ್ಯಾದಲ್ಲಿ ಮಳೆಗಾಲ ಮುಗಿಯುವುದಿಲ್ಲ ಎಂದು ಗೊತ್ತಿದ್ದೇ ಎನ್ನುತ್ತಿದ್ದೆ.

ಆ ಶನಿವಾರ ಮೇಧಾಳಿಗೆ ದೊಡ್ಡ ದಿನ. ಮುಂದೆ ಮೆಲಾಕಾದಲ್ಲಿ ಶಾಲೆಗಳ ನಡುವಿನ ಪಂದ್ಯಾಟವಿತ್ತು. ಅವಳ ತೂಕದವರಿಗೆ ತಂಡದಲ್ಲಿ ಇದ್ದದ್ದು ಒಂದೇ ಜಾಗ, ಆಸೆಪಟ್ಟವರು ಇಬ್ಬರು: ನಮ್ಮ ಮೇಧಾ ಮತ್ತು ಹಾನಾ ಎಂಬ ಹುಡುಗಿ. ಆ ದಿನ ಶಾಲೆಯಲ್ಲಿ ಇಬ್ಬರಿಗೂ ಕುಸ್ತಿ, ಗೆದ್ದವಳು ಮೆಲಾಕಾಕ್ಕೆ. ವರ್ಷವಿಡೀ ಮೇಧಾ ಇದೊಂದಕ್ಕಾಗಿ ಬೆವರು ಸುರಿಸಿದ್ದಳು. ನಾನು ಮಾಡಿದ ಹೋಳಿಗೆಯನ್ನು ಮೂಸಿ ನೋಡಿ ಹಾಗೆಯೇ ಡಬ್ಬಕ್ಕೆ ಹಾಕಿದವಳು! ಆ ತ್ಯಾಗದ ಮುಂದೆ ನನ್ನ ಏಕಾದಶಿಗಳೆಲ್ಲ ಲೆಕ್ಕಕ್ಕಿಲ್ಲ.

ದೋಸೆ ಬಡಿಸುತ್ತಾ ನನ್ನ ಹೊಸ ತತ್ತ್ವವನ್ನು ಅವಳ ಮುಂದೆ ಇಟ್ಟೆ.

“ಮೊದಲು ಒಂಚೂರು ಮುಂದೆ ಹೋಗು. ಆಮೇಲೆ ಅವಳ ಕೈಗೆ ಸಿಗಲೇಬೇಡ. ಟೈಮು ತನ್ನಷ್ಟಕ್ಕೇ ಮುಗಿಯುತ್ತದೆ.”

“ಅಮ್ಮಾ, ದಟ್ಸ್ ಸ್ಟಾಲಿಂಗ್. ರೆಫ್ರಿ ವಿಲ್ ಕಾಲ್ ಇಟ್.”

“ಎಂತ ಹಾಗೆಂದರೆ?”

“ಕುಸ್ತಿ ಮಾಡದೆ ಸುಮ್ಮನೆ ಟೈಮು ತಳ್ಳುವುದು,” ಎಂದು ಯಜಮಾನರು ಪೇಪರಿನ ಹಿಂದಿನಿಂದ ಹೇಳಿದರು. “ನೀನು ಕಾರಿನ ವಿಷಯದಲ್ಲಿ ಮಾಡುತ್ತೀಯಲ್ಲ, ಅದು.”

“ನೀವು ಚಟ್ನಿ ಹಾಕಿಕೊಳ್ಳಿ ಮಾರಾಯ್ರೆ,” ಎಂದೆ. ಮಗಳಿಗೆ ಹೇಳಿದೆ: “ತಾಳಿದವನು ಬಾಳಿಯಾನು. ಇದು ಹಿರಿಯರ ಮಾತು. ರೆಫ್ರಿ ಹಿರಿಯರಿಗಿಂತ ದೊಡ್ಡವನಾ?”

ಪಕ್ಕದ ಮನೆಯ, ತಮಿಳಿಗೂ ಕನ್ನಡಕ್ಕೂ ಇಲ್ಲಿಯವರ ‘ಲಾ’ ಸೇರಿಸಿ ಮಾತಾಡುವ ಸೆಲ್ವಿಯಕ್ಕನೂ ನಮ್ಮೊಡನೆ ಹೊರಟರು. ದಾರಿಯ ಮಾಮಕ್ ಹೋಟೆಲಿನಲ್ಲಿ ವಡೆ ತಪಾವ್, ಎಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಮೇಧಾಳನ್ನು ಎತ್ತಿ ಆಡಿಸಿದವರು. ಅವಳ ಪಂದ್ಯವೆಂದರೆ ಅವರಿಗೆ ಮನೆಯ ಮದುವೆ.

ಶಾಲೆಯ ಹಾಲಿನಲ್ಲಿ ನಾವು ಕೂತದ್ದು ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ. ಮೇಧಾ ಬೂಟು ಹಾಕಿಕೊಂಡಳು, ಕೋಚ್ ಬಂದು ಅದಕ್ಕೆ ಏನೋ ಸುತ್ತಿ ಹೋದರು. ಆಮೇಲೆ ನನಗೆ ಹೊಳೆಯಿತು, ಹಾಕಿದ್ದು ಎಡಗಾಲು ಮೊದಲು! ಎಡಗಾಲು ಮೊದಲಿಟ್ಟು ಯಾರಾದರೂ ಒಳ್ಳೆಯ ಕೆಲಸಕ್ಕೆ ಹೋಗುತ್ತಾರೆಯೇ?

“ತೆಗೆ, ತೆಗೆ! ಎರಡನ್ನೂ ತೆಗೆ! ಬಲಗಾಲಿನಿಂದ ಶುರುಮಾಡು.”

“ಅಮ್ಮಾ, ಟೇಪ್ ಹಾಕಿ ಆಗಿದೆ! ಕೋಚ್ ಹಾಕಿದ್ದು!”

ನಿಜ, ಬೂಟಿನ ಲೇಸಿನ ಗಂಟಿನ ಮೇಲೆ ಬಿಳಿ ಟೇಪು ಸುತ್ತಿತ್ತು, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ನೋಡಲಿಕ್ಕೂ ಲಕ್ಷಣವಿರಲಿಲ್ಲ. ನಾನೇ ಕೂತು ಬಿಚ್ಚಿದೆ. ಬಲಗಾಲು ಮೊದಲು ಹಾಕಿಸಿದೆ. ಲೇಸನ್ನು ಹುಟ್ಟುಹಬ್ಬದ ಡಬ್ಬಕ್ಕೆ ಕಟ್ಟುವ ರಿಬ್ಬನ್ನಿನ ಹಾಗೆ ಎರಡು ಕಿವಿ ಬಿಟ್ಟು ಚಂದವಾಗಿ ಕಟ್ಟಿದೆ. ಅಷ್ಟರಲ್ಲಿ ಕರೆ ಬಂತು. ಹರಿದ ಟೇಪು ನನ್ನ ಸೀರೆಯ ಸೆರಗಿಗೆ ಅಂಟಿಕೊಂಡು ಉಳಿಯಿತು.

ಮೇಧಾಳ ಕಾಲಿಗೆ ಹಸಿರು ಪಟ್ಟಿ, ಹಾನಾಳ ಕಾಲಿಗೆ ಕೆಂಪು. ರೆಫ್ರಿಯ ಒಂದು ಮುಂಗೈಗೆ ಹಸಿರು, ಇನ್ನೊಂದಕ್ಕೆ ಕೆಂಪು. ಸೀಟಿ ಊದಿದ್ದೇ ತಡ, ನನ್ನ ಮಗಳು ಬಾಗಿ, ನುಗ್ಗಿ, ಹಾನಾಳ ಕಾಲು ಹಿಡಿದು ನೆಲಕ್ಕೆ ಕೆಡವಿಬಿಟ್ಟಳು! ಮೂರು ಅಂಕ! ಹಾನಾ ಹೇಗೋ ಬಿಡಿಸಿಕೊಂಡು ಎದ್ದಳು, ಅದಕ್ಕೆ ಅವಳಿಗೂ ಒಂದು ಅಂಕ ಸಿಕ್ಕಿತು. ಆದರೂ ಬೋರ್ಡಿನಲ್ಲಿ ಮೇಧಾ ಎರಡು ಅಂಕ ಮುಂದೆ. ಸೆಲ್ವಿಯಕ್ಕ ಕುಣಿದರು. ನನಗೆ ಮಾತ್ರ ಹೊಣೆಗಾರಿಕೆಯ ನೆನಪಾಯಿತು. ಎದ್ದು ನಿಂತೆ.

“ಮೇಧಾ! ಸಾಕು! ಇನ್ನು ಹಿಂದೆ ಬಾ! ಹಿಂದೆ!”

ಒಂದು ಮಾತು ಹೇಳಲೇಬೇಕು. ಗ್ಯಾಸ್ ಒಲೆ, ಬೀದಿನಾಯಿ, ಎಸ್ಕಲೇಟರು, ಸಮುದ್ರ, ಹೀಗೆ ಎಲ್ಲದರಿಂದ ನಾನು ಅವಳನ್ನು “ಹಿಂದೆ ಬಾ” ಎಂದೇ ಬೆಳೆಸಿದ್ದು. “ಮೊದಲು ಕೈ ಮಾಡಬೇಡ, ಯಾರಾದರೂ ಮೈಮೇಲೆ ಬಂದರೆ ಸರಿದು ನಿಲ್ಲು” ಎಂದೇ ಕಲಿಸಿದ್ದು. ಇಂಗ್ಲಿಷಿನಲ್ಲಿ ಎದುರುತ್ತರ ಕೊಡುವ ಹುಡುಗಿಯ ಕಾಲುಗಳಿಗೆ ಕನ್ನಡ ಮಾತ್ರ ಗೊತ್ತು. ನಾನು ಕೂಗಿದ್ದೇ ಅವು ಹಿಂದೆ ಬಂದವು. ಚಾಪೆಯ ಅಂಚಿನವರೆಗೂ ಬಂದವು. ಹಾನಾ ಮುಂದೆ ಬಂದರೆ ಮೇಧಾ ಅಂಚಿನ ಗುಂಟ ಪ್ರದಕ್ಷಿಣೆ ಹಾಕಿದಳು.

ರೆಫ್ರಿ ಹಸಿರು ಪಟ್ಟಿಯ ಕೈಯ ಮುಷ್ಟಿ ಬಿಗಿದು ಮೇಲೆತ್ತಿದರು.

ಹಸಿರು ನಮ್ಮ ಬಣ್ಣ. ಮೆಚ್ಚಿಕೊಂಡರು ಎಂದು ತಿಳಿದು ನಾನೂ ಮುಷ್ಟಿ ಎತ್ತಿ ಜೈ ಎಂದೆ! ಇಡೀ ಹಾಲಿನಲ್ಲಿ ಮುಷ್ಟಿ ಎತ್ತಿದ್ದವರು ನಾವಿಬ್ಬರೇ.

“ಅದು ಎಚ್ಚರಿಕೆ ಮಾರಾಯ್ತಿ,” ಯಜಮಾನರು ನನ್ನ ಕೈ ಹಿಡಿದು ಇಳಿಸಿದರು. “ಇನ್ನೊಮ್ಮೆ ಹಾಗೆ ಮಾಡಿದರೆ ಹಾನಾಳಿಗೆ ಒಂದು ಅಂಕ. ಮತ್ತೊಮ್ಮೆ ಮಾಡಿದರೆ ಮತ್ತೊಂದು. ಅದರ ಮೇಲೆ ಎರಡು. ಆಮೇಲೂ ಬುದ್ಧಿ ಬರದಿದ್ದರೆ ಆಟದಿಂದಲೇ ಹೊರಗೆ.”

“ಬರೀ ಎಚ್ಚರಿಕೆ ತಾನೇ? ಅಂಕ ಹೋಗಲಿಲ್ಲವಲ್ಲ. ದೇವರು ದೊಡ್ಡವನು,” ಎಂದೆ.

ದೇವರು ದೊಡ್ಡವನೇ. ಆದರೆ ಲೇಸು ಕಟ್ಟಿದವಳು ನಾನು. ಅರ್ಧ ನಿಮಿಷದೊಳಗೆ ನನ್ನ ಚಂದದ ಗಂಟಿನ ಎರಡೂ ಕಿವಿಗಳು ಬಿಚ್ಚಿಕೊಂಡು ಚಾಪೆಯ ಮೇಲೆ ಹರಿದಾಡಿದವು. ರೆಫ್ರಿ ಆಟ ನಿಲ್ಲಿಸಿ ಮತ್ತೆ ಮುಷ್ಟಿ ಎತ್ತಿದರು. ಲೇಸು ಬಿಚ್ಚಿದರೂ ಕಾಲಹರಣವೇ ಅಂತೆ. ಟೇಪು ಸುತ್ತುವುದು ಅದಕ್ಕಾಗಿಯೇ ಅಂತೆ. ಹಾನಾಳಿಗೆ ಒಂದು ಅಂಕ. ಕೋಚ್ ಮಿಸ್ ಲಿಮ್ ಟೇಪಿನ ಸುರುಳಿ ಹಿಡಿದು ಓಡಿಬಂದು ಸುತ್ತಿದರು. ಸುತ್ತುತ್ತಾ ಒಮ್ಮೆ ನನ್ನ ಸೆರಗಿನ ಕಡೆ ನೋಡಿದರು.

ಸೆಲ್ವಿಯಕ್ಕ ನನ್ನ ಭುಜ ಒತ್ತಿದರು. “ಅಕ್ಕಾ, ಉಕ್ಕಾರುಂಗ ಲಾ! ವಡೆ ತಿನ್ನಿ!”

ಕೂತೆ. ವಡೆಯನ್ನೂ ಕಚ್ಚಿದೆ. ಆದರೆ ತಾಯಿಯ ಕರುಳು ವಡೆಗೆ ಬಗ್ಗುತ್ತದೆಯೇ? ಇಬ್ಬರೂ ಚಾಪೆಯ ಹೊರಗೆ ಹೋದಾಗ ರೆಫ್ರಿ ನಡುವೆ ಬನ್ನಿ ಎಂದು ಕರೆದರು. ಮೇಧಾಳ ಉಸಿರು ಏರಿಳಿಯುತ್ತಿತ್ತು. “ನಿಧಾನ ಮಗಾ! ಸುಧಾರಿಸಿಕೊಂಡು ನಡೆ! ಓಡಬೇಡ!” ಎಂದೆ, ವಡೆಯ ಸಮೇತ. ನಮ್ಮ ಮೇಧಾ ದೇವಸ್ಥಾನದಲ್ಲಿ ಹೆಜ್ಜೆನಮಸ್ಕಾರ ಹಾಕುವವರ ಹಾಗೆ ನಡೆದು ಬಂದಳು. ಮೂರನೆಯ ಮುಷ್ಟಿ! ಇನ್ನೊಂದು ಅಂಕ. ಈಗ ಇಬ್ಬರೂ ಸಮ.

“ಗೋ ಫಾರ್‌ವರ್ಡ್, ಮೇಧಾ! ಶೂಟ್!” ನುಗ್ಗಿ ಕಾಲು ಹಿಡಿ ಎಂದು ಮಿಸ್ ಲಿಮ್ ಗಂಟಲು ಹರಿಯುವ ಹಾಗೆ ಕೂಗಿದರು.

ಇನ್ನು ಕೆಲವೇ ಕ್ಷಣ. ಮೇಧಾ ಬಾಗಿದಳು. ಕಣ್ಣಿನಲ್ಲಿ ಮೊದಲಿನ ಆ ಬೆಂಕಿ ಬಂತು. ಈಗ ಹಾರುತ್ತಾಳೆ ಎಂದು ನನಗೂ ಗೊತ್ತಾಯಿತು. ಗೊತ್ತಾಗಿದ್ದೇ ತಪ್ಪಾಯಿತು! ಹಾನಾಳ ಮೊಣಕಾಲು ಇವಳ ಮೂಗಿಗೆ ತಾಗಿದರೆ?

“ಜಾಗ್ರತೆ!”

ನನ್ನ ಮಗಳು ಜಾಗ್ರತೆಯಾದಳು. ಒಂದು ಹೆಜ್ಜೆ ಹಿಂದೆ, ಇನ್ನೊಂದು ಹೆಜ್ಜೆ ಹಿಂದೆ, ಅಂಚು. ನಾಲ್ಕನೆಯ ಮುಷ್ಟಿ ಮೇಲೆದ್ದಿತು. ಹಾನಾಳಿಗೆ ಎರಡು ಅಂಕ. ಸೀಟಿ. ಮುಗಿಯಿತು.

ಮೇಧಾ ಹಾನಾಳ ಕೈ ಕುಲುಕಿದಳು. ಕಿವಿಯ ಪಟ್ಟಿ ತೆಗೆದು, ನನ್ನ ಕಡೆ ನೋಡದೆ, ಗೋಡೆಯ ಹತ್ತಿರ ಹೋಗಿ ಕೂತಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಹೆತ್ತವಳ ಸಂಕಟ ಸುಮ್ಮನಿರಲು ಬಿಡುತ್ತದೆಯೇ? ನ್ಯಾಯ ಕೇಳಲು ಚಾಪೆಯ ಹತ್ತಿರ ನಡೆದೆ. ರೆಫ್ರಿ ನಡುವಯಸ್ಸಿನ ಮಲಯ ಗೃಹಸ್ಥರು, ಸಾಧು ಮುಖ. ನನ್ನ ಇಂಗ್ಲಿಷು, ಅವರ ಇಂಗ್ಲಿಷು, ಎರಡೂ ಸೇರಿ ನಮ್ಮ ಸಂಭಾಷಣೆ ಹೀಗೆ ಸಾಗಿತು:

“ನೋಡಿ ಸರ್, ಮಗು ಯೋಚನೆ ಮಾಡುತ್ತಿತ್ತು. ಯೋಚನೆ ಮಾಡುವುದು ತಪ್ಪಾ?”

“ತಪ್ಪಲ್ಲ, ಕಾಕ್.” ಅಕ್ಕ ಎಂದ ಹಾಗೆ, ಬಹಳ ಮರ್ಯಾದೆಯಿಂದ. “ಆದರೆ ಯೋಚನೆ ನನಗೆ ಕಾಣುವುದಿಲ್ಲ. ಕಾಲು ಕಾಣುತ್ತದೆ. ಕಾಲು ಹಿಂದೆ ಹಿಂದೆ ಹೋಗುತ್ತದೆ, ಕೈ ಮುಂದೆ ಬರುವುದಿಲ್ಲ, ಅಂಚು ಬಿಟ್ಟು ಬರುವುದಿಲ್ಲ. ಒಮ್ಮೆ ಆದರೆ ಬಿಡುತ್ತೇನೆ. ಅದೇ ಅಭ್ಯಾಸವಾದರೆ ಮುಷ್ಟಿ ಎತ್ತಲೇಬೇಕು ಲಾ.”

“ದಣಿವಾಗಿದ್ದರೆ?”

“ದಣಿದವರು ದಣಿದೇ ಪ್ರಯತ್ನ ಮಾಡುತ್ತಾರೆ. ಅದೂ ಕಾಣುತ್ತದೆ.”

“ಒಂದು ನಿಮಿಷ ಸರ್, ಇನ್ನೊಂದು ಮಾತು…” ಎಂದೆ. ಅದಾದ ಮೇಲೆ ಮತ್ತೊಂದು ಮಾತು ಎಂದೆ. ತಾಳ್ಮೆಯ ಮಹತ್ವ ಹೇಳಿದೆ. ಹಿರಿಯರ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಲು ಹೊರಟು ನಡುವೆ ಸಿಕ್ಕಿಹಾಕಿಕೊಂಡೆ. ಮುಂದಿನ ಪಂದ್ಯದ ಇಬ್ಬರು ಹುಡುಗರು ನನ್ನ ಎಡಬಲಗಳಲ್ಲಿ ದ್ವಾರಪಾಲಕರ ಹಾಗೆ ಕಾಯುತ್ತಾ ನಿಂತಿದ್ದರು. ಸೀರೆಯುಟ್ಟ ನಾನು ಚಾಪೆಯ ಅಂಚಿನಲ್ಲಿ ನಿಂತು ಮುಂದಕ್ಕೂ ಹೋಗದೆ, ಹಿಂದಕ್ಕೂ ಹೋಗದೆ, “ಇನ್ನೊಂದೇ ಮಾತು” ಎನ್ನುತ್ತಿದ್ದೆ.

ರೆಫ್ರಿ ನಸುನಕ್ಕರು. ಸೌಜನ್ಯದಿಂದ ಮುಷ್ಟಿ ಬಿಗಿದು ಮೇಲೆತ್ತಿದರು!

ಇಡೀ ಹಾಲೇ ನಕ್ಕಿತು. ಗೋಡೆಯ ಹತ್ತಿರ ಕೂತಿದ್ದ ಮೇಧಾ ಕೂಡ ಟವಲಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ಅತ್ತದ್ದೋ ನಕ್ಕದ್ದೋ ನಾನು ವಿಚಾರಿಸಲು ಹೋಗಲಿಲ್ಲ.

ಹೊರಡುವಾಗ ಮಿಸ್ ಲಿಮ್ ಹತ್ತಿರ ಬಂದರು. “ಆಂಟಿ, ಹಾನಾ ಅವಳನ್ನು ಒಮ್ಮೆಯೂ ಕೆಡವಲಿಲ್ಲ, ಗೊತ್ತಾ?” ಎಂದರು. ಗೊತ್ತಿತ್ತು. ಕೆಡವಿದ್ದು ಯಾರು ಎಂಬುದೂ ಗೊತ್ತಿತ್ತು. “ಮೇಧಾಳನ್ನು ಬದಲಿ ಆಟಗಾರ್ತಿಯಾಗಿ ಇಟ್ಟುಕೊಳ್ಳುತ್ತೇನೆ. ಆದರೆ ಸೋಮವಾರದಿಂದ ಶಾಲೆಗೆ ಮೊದಲು ಬೆಳಗಿನ ಅಭ್ಯಾಸ. ತಪ್ಪಿಸಿದರೆ ಆ ಜಾಗವೂ ಹೋಗುತ್ತದೆ.”

ಬದಲಿಯಾದರೂ ಸಿಕ್ಕಿತು! ನಾನು ಅಲ್ಲಿಯೇ ಕೈ ಮುಗಿದೆ. ಕಾರಿನಲ್ಲಿ ಕೂತ ಮೇಲೆ ಲೆಕ್ಕ ಹೊಳೆಯಿತು. ಸೋಮವಾರದಿಂದ ಯಜಮಾನರಿಗೆ ಬೆಳಗಿನ ಕ್ಲಾಸು, ಊರಿನ ಇನ್ನೊಂದು ತುದಿಯಲ್ಲಿ. ಅಷ್ಟು ಬೇಗ ಶಾಲೆಯ ವ್ಯಾನು ಬರುವುದಿಲ್ಲ. ಆಸೆಯಿಂದ ಸೆಲ್ವಿಯಕ್ಕನ ಮುಖ ನೋಡಿದೆ.

“ನಾನು ಬರಲ್ಲ ಲಾ,” ಎಂದರು ಅವರು, ಉಳಿದ ವಡೆ ಬಾಯಿಗೆ ಹಾಕಿಕೊಳ್ಳುತ್ತಾ. “ನಿಮ್ಮ ಕಾರು ಪಾವಂ ಅಕ್ಕಾ, ನಿಂತು ನಿಂತು ಅದಕ್ಕೇ ಬೇಜಾರಾಗಿದೆ.”

ಸೋಮವಾರ ಬೆಳಿಗ್ಗೆ ಮೇಧಾ ನನಗಿಂತ ಮೊದಲು ಕೆಳಗಿಳಿದು ಕಾರಿನಲ್ಲಿ ಕೂತಿದ್ದಳು. ಶನಿವಾರದಿಂದ ನನ್ನೊಡನೆ ಬೇಕಾದಷ್ಟೇ ಮಾತು. ನಾನು ಡ್ರೈವರ್ ಸೀಟಿನಲ್ಲಿ ಕೂತೆ, ಬಲಗಾಲು ಮೊದಲಿಟ್ಟು. ಡ್ಯಾಶ್‌ಬೋರ್ಡಿನ ಗಣಪತಿಗೆ ಹೂ ಏರಿಸಿದೆ. ಇಳಿದು ಹೋಗಿ ಮುಂದಿನ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟೆ. ಮತ್ತೆ ಕೂತೆ. ನಡುವಿನ ಕನ್ನಡಿ ಸರಿಮಾಡಿದೆ. ಬದಿಯ ಕನ್ನಡಿ ಸರಿಮಾಡಿದೆ. ಸೀಟು ಮುಂದೆ ಎಳೆದೆ, ಹಿಂದೆ ತಳ್ಳಿದೆ. ಕನ್ನಡಿಗಳನ್ನು ಮತ್ತೊಮ್ಮೆ ಸರಿಮಾಡಿದೆ.

“ಮೋಡ ಕವಿದಿದೆಯಲ್ಲ ಮಗಾ,” ಎಂದೆ ಮೆಲ್ಲಗೆ. “ರಾಹುಕಾಲ ಕಳೆದ ಮೇಲೆ ಹೋದರೆ…”

ಮೇಧಾ ಎದುರಿನ ಗಾಜನ್ನೇ ನೋಡುತ್ತಾ ಮುಷ್ಟಿ ಬಿಗಿದು ಮೇಲೆತ್ತಿದಳು.

ಎಚ್ಚರಿಕೆ! ಬರೀ ಎಚ್ಚರಿಕೆ, ಅಂಕ ಇನ್ನೂ ಹೋಗಿಲ್ಲ. ಬೆಳಗಿನ ಅಭ್ಯಾಸ ತಪ್ಪಿದರೆ ಹೋಗುವುದು ಯಾರದ್ದು ಎಂದೂ ಗೊತ್ತಿತ್ತು. ಯೋಚನೆ ಬಿಟ್ಟೆ. ಯೋಚನೆ ಯಾರಿಗೂ ಕಾಣುವುದಿಲ್ಲ, ಕಾಲು ಕಾಣುತ್ತದೆ. ಕೃಷ್ಣಾ ಎಂದೆ, ಕಣ್ಣು ಅರ್ಧ ಮುಚ್ಚಿ ಗೇರು ಎಳೆದೆ, ಬಲಗಾಲಿಂದ ಒತ್ತಿದೆ. ಕಾರು ಕದಲಿತು! ಎಷ್ಟೋ ಕಾಲದ ಮೇಲೆ ನನ್ನ ಕೈಯಲ್ಲಿ ಕಾರು ಕದಲಿತು!

ಹಿಂದಕ್ಕೆ.

ಮುಂದಿನ ಚಕ್ರದ ಮುಂದೆ ಇಟ್ಟಿದ್ದ ನಿಂಬೆಹಣ್ಣು ಒಂದು ಗೀರೂ ಇಲ್ಲದೆ, ದುಂಡಗೆ, ನಮ್ಮಿಂದ ದೂರ ದೂರ ಹೋಯಿತು. ನನ್ನ ಪಕ್ಕದಲ್ಲಿ ಮುಷ್ಟಿ ಮತ್ತೆ ಮೇಲೆದ್ದಿತು.