ಮನೆ ಕೊಂಡ ಸೋಸೈಯಾ

ಬ್ರಿಸ್ಬೇನಿನ ಆ ಟಿವಿ ಚಾನೆಲ್ಲಿನಲ್ಲಿ ಸೋಸೈಯಾ ವರದಿಗಾರ. ಎಲ್ಲಾದರೂ ಪ್ರವಾಹ ಬಂದರೆ, ಚರ್ಚಿನಲ್ಲಿ ಹಾಡಿದರೆ, ರಗ್ಬಿ ಆಟಗಾರನೊಬ್ಬ ಮಂಡಿ ಮುರಿದುಕೊಂಡರೆ ಸೋಸೈಯಾನೇ ಹೋಗಬೇಕು. ಪೆಸಿಫಿಕ್ ಸಾಗರದ ಟೋಂಗಾ ದ್ವೀಪದವನಲ್ಲವೇ, ಅವೆಲ್ಲ ಅವನಿಗೆ ಹುಟ್ಟಿನಿಂದಲೇ ಬಂದಿರುತ್ತವೆ ಎಂದು ಸಂಪಾದಕ ಗ್ಲೆನ್ ನಂಬಿದ್ದ. ಸೋಸೈಯಾ ಓದಿದ್ದು ಅರ್ಥಶಾಸ್ತ್ರ ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

ಅಂದು ಬೆಳಗ್ಗೆ ಸಿಡ್ನಿಯ ಮುಖ್ಯ ಕಚೇರಿಯಿಂದ ಬೈಗುಳ ಬಂತು: ನಿಮ್ಮ ಸುದ್ದಿಯಲ್ಲಿ ಮಾತಾಡುವವರೆಲ್ಲ ಬಿಳಿಯರೇ!

"ಸೋಸೈಯಾ, ಮನೆ ಬೆಲೆ ಏರಿರೋ ಸುದ್ದಿ ಇವತ್ತು ನಿಂದೇ ಕಣೋ," ಎಂದ ಗ್ಲೆನ್. "ಸಂಜೆಯೊಳಗೆ ಬಿಳಿ ಅಲ್ದೇ ಇರೋ ತಜ್ಞರೊಬ್ರನ್ನ ಹಿಡ್ಕೊಂಡ್ ಬಾ."

ಸೋಸೈಯಾನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸಹೋದ್ಯೋಗಿಗಳೂ ಸಹಾಯಕ್ಕೆ ನಿಂತರು.

"ನಮ್ಮ ಬೀದಿ ಕಬಾಬ್ ಅಂಗಡಿಯವನನ್ನ ಕರಿಯೋ," ಎಂದಳು ಮೇಕಪ್ ಮಾಡುವ ಹುಡುಗಿ ಕೈಲೀ.

"ಅವನಿಗೆ ಮನೆ ಬೆಲೆ ವಿಷಯ ಏನೇ ಗೊತ್ತು?"

"ಗಡ್ಡ ಚೆನ್ನಾಗಿದೆ."

ಕೊನೆಗೆ ವಿಶ್ವವಿದ್ಯಾಲಯದಲ್ಲಿ ಜಿಂಬಾಬ್ವೆಯ ಡಾಕ್ಟರ್ ರುಡೋ ಮೋಯೊ ಸಿಕ್ಕರು. ವಸತಿ ಮಾರುಕಟ್ಟೆಯೇ ಅವರ ವಿಷಯ.

"ಕರಿಯ ಹುಡುಗರ ಹೊಡೆದಾಟದ ಬಗ್ಗೆ ಕೇಳೋದಾದ್ರೆ ಫೋನ್ ಇಡ್ತೀನಪ್ಪ," ಎಂದರು.

"ಇಲ್ಲ ಮೇಡಂ, ಮನೆ ಬೆಲೆ."

"ದೇವರಾಣೆ?"

ಆಣೆ ಮಾಡಿ ಕರೆತಂದ. ಇಬ್ಬರನ್ನೂ ಕ್ಯಾಮೆರಾದಲ್ಲಿ ನೋಡಿದ ಗ್ಲೆನ್ ಹುಳಿ ತಿಂದವನಂತೆ ಮುಖ ಮಾಡಿದ.

"ಕೇಳೋನೂ ನೀನು, ಹೇಳೋರೂ ಇವರು ಅಂದ್ರೆ, ಜನ ಇದ್ಯಾವ ದೇಶದ ಸುದ್ದಿ ಅಂತಾರೆ. ಪ್ರಶ್ನೆ ಲಾಕ್ಲನ್ ಕೇಳ್ಲಿ."

ಲಾಕ್ಲನ್ ಕ್ರೀಡಾ ವರದಿಗಾರ. ಹಾಲಿನಷ್ಟು ಬಿಳುಪು. "ಮೇಡಂ, ಮನೆ ಬೆಲೆ ಅಂದ್ರೆ ಏನು?" ಎಂದು ಶುರುಮಾಡಿದ. ಡಾಕ್ಟರ್ ಮೋಯೊ ಸೋಸೈಯಾನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಅವನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಅಷ್ಟರಲ್ಲಿ, ಹೊಸ ಮನೆ ಕೊಂಡು ಅನುಭವ ಹೇಳಬೇಕಿದ್ದ ದಂಪತಿ ಕೈಕೊಟ್ಟರು.

"ಸೋಸೈಯಾ, ನೀನೇ ನಿಂತ್ಕೋ!"

"ನಂದು ಬಾಡಿಗೆ ರೂಮು ಗ್ಲೆನ್! ಈಗಷ್ಟೇ ನಮ್ಮಂಥೋರು ಜಾಸ್ತಿ ಆದ್ರು ಅಂದ್ಯಲ್ಲ?"

"ಪ್ರಶ್ನೆ ಕೇಳೋನು ಮಾತ್ರ ನಮ್ಮೋನಾಗಿರ್ಬೇಕು. ಕಷ್ಟ ಹೇಳ್ಕೊಳೋರು ನಿಮ್ಮೋರು ಎಷ್ಟಿದ್ರೂ ಚೆಂದ. ಇದೊಂದ್ ಸಲ ಮಾಡು ಮಾರಾಯ, ಬಜೆಟ್ ಸುದ್ದಿ ನಿಂಗೇ."

ಬಜೆಟ್ಟಿನ ಆಸೆಗೆ ಬಿದ್ದು ಸೋಸೈಯಾ ಇಲ್ಲದ ಮನೆಯ ಮುಂದೆ ನಿಂತವನಂತೆ ಹಲ್ಲು ಕಿರಿದ. ಟಿವಿ ಪರದೆಯ ಕೆಳಗೆ ಅಕ್ಷರ ಮೂಡಿತು: 'ಸೋಸೈಯಾ, ಹೊಸ ಮನೆಯ ಒಡೆಯ'. ಸಿಡ್ನಿಯವರು ಮೆಚ್ಚಿದರು. ಬಜೆಟ್ ಸುದ್ದಿಯನ್ನು, ಇಷ್ಟು ಚೆನ್ನಾಗಿ ಪ್ರಶ್ನೆ ಕೇಳಿದ ಲಾಕ್ಲನ್‌ಗೇ ಕೊಡಿ ಎಂದರು.

ಸೋಸೈಯಾ ಮೇಕಪ್ ಒರೆಸಿಕೊಳ್ಳುವಾಗ ತಾಯಿಯ ಫೋನು ಬಂತು.

"ಮನೆ ತಗೊಂಡು ಹೆತ್ತವಳಿಗೇ ಹೇಳ್ಲಿಲ್ವಲ್ಲೋ! ಇರ್ಲಿ, ನಂಗೆ ಸಿಟ್ಟಿಲ್ಲ."

"ಅಮ್ಮಾ, ಅದು ಸುಳ್ಳು—"

"ಟಿವಿ ಸುದ್ದೀಲಿ ಸುಳ್ಳು ಹೇಳ್ತಾರೇನೋ? ಬಾಗಿಲು ತೆಗೆದಿಟ್ಟಿರು. ನಿನ್ನ ಮಾವ, ಅತ್ತೆ, ಮಕ್ಕಳು, ಮೊಮ್ಮಕ್ಕಳು ಎಲ್ಲಾ ಹಾಸಿಗೆ ಸುತ್ಕೊಂಡು ವ್ಯಾನ್ ಹತ್ತಿದ್ದಾಯ್ತು."